ಹಾಲಸಿದ್ದನ ಜೊತೆ ನಾಲ್ಕು ನಡಿಗೆ

ಹಾಲಸಿದ್ದನಿಗೆ ನೂರಿಪ್ಪತ್ತು ಕುರಿಗಳಿದ್ದವು. ಮಳೆಗಾಲದಲ್ಲಿ ಅವು ತವಂದಿ ಗುಡ್ಡದ ಮೇಲೆ ಮೇಯಬೇಕು, ಚಳಿಗಾಲದಲ್ಲಿ ಕೃಷ್ಣೆಯ ದಂಡೆಗೆ ಇಳಿಯಬೇಕು. ಇಳಿಯಲು ಒಂದು ಹಾದಿ ಬೇಕು. ಆ ಹಾದಿ ಸಿಗದೇ ಹೋದರೆ ಕುರಿಗಳನ್ನು ಮಾರಿ ಕೈ ತೊಳೆದುಕೊಳ್ಳಬೇಕು. ಇದನ್ನು ಮೊದಲೇ ಹೇಳಿಬಿಟ್ಟೆ, ಯಾಕೆಂದರೆ ಸುತ್ತಿ ಬಳಸಿ ಕಥೆ ಹೇಳುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಅವನು ತೀರಿಕೊಂಡು ಎರಡು ವರ್ಷವಾಯಿತು. ಕುರಿ ಕಾಯುವವನ ಬಗ್ಗೆ ಯಾರು ಬರೆಯುತ್ತಾರೆ? ಅದಕ್ಕೇ ನಾನು ಕೂತಿದ್ದೇನೆ.

ನಾನು ಬೇಡಕಿಹಾಳದ ಮುರಗೆಪ್ಪ. ಹದಿನೆಂಟು ಎಕರೆ ಕಬ್ಬು, ಒಂದು ಬುಲೆಟ್ ಗಾಡಿ, ಊರಿಗೆಲ್ಲ ಗೊತ್ತಿರುವ ಒಂದು ಸಿಟ್ಟು, ಇಷ್ಟು ನನ್ನ ಆಸ್ತಿ. ಹೊಲಕ್ಕೂ ಬುಲೆಟ್ ಮೇಲೆಯೇ ಹೋಗುತ್ತಿದ್ದೆ. ರಸ್ತೆಯ ಮಗ್ಗುಲಿಗೆ ಪಂಪಿನ ಮನೆ. ಅಲ್ಲಿ ಗಾಡಿ ನಿಲ್ಲಿಸಿ, ಕಲ್ಲಿನ ಮೇಲೆ ಕೂತು, ಆಳುಗಳನ್ನು ಕೂಗಿ ಕರೆದು, ಹೇಳುವುದನ್ನು ಹೇಳಿ, ಚಹಾ ಕುಡಿದು ತಿರುಗಿ ಬರುವುದು. ಹೊಲದ ಹಿಂದಿನ ಬದುವಿನ ಕಡೆ ನಾನು ಕಾಲಿಟ್ಟು ಏಳು ವರ್ಷವಾಗಿತ್ತು.

1987ರ ಯುಗಾದಿಯ ಮುಂದೆ ಚಿಕ್ಕೋಡಿಯ ಡಾಕ್ಟರು ನನ್ನ ರಕ್ತ ನೋಡಿ ಸಕ್ಕರೆ ಕಾಯಿಲೆ ಎಂದರು. ದಿನಾ ನಾಲ್ಕು ಮೈಲು ನಡೆಯಬೇಕಂತೆ. ಮನೆಗೆ ಬಂದು ಹೇಳಿದರೆ ನನ್ನ ಹೆಂಡತಿ ಕಸ್ತೂರೆವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ಕಾರ್ಖಾನಿಗೆ ಕಳಿಸಿದ್ದು ಸಾಲಲಿಲ್ಲಂತ ಮೈಯಾಗೂ ತುಂಬ್ಕೊಂಡ್ರೇನ್ರಿ?" ಎಂದಳು. ಆಮೇಲೆ ಬುಲೆಟ್ಟಿನ ಕೀಲಿಯನ್ನು ಬೇಳೆ ಡಬ್ಬಿಯಲ್ಲಿ ಬಚ್ಚಿಟ್ಟಳು.

ಹೀಗೆ ನಾನು ದಿನಾ ಬೆಳಗ್ಗೆ ಡಾಂಬರು ರಸ್ತೆಯ ಮೇಲೆ ಎರಡು ಮೈಲು ಹೋಗಿ ಎರಡು ಮೈಲು ಬರತೊಡಗಿದೆ. ಧೂಳು, ಬಸ್ಸು, ಕಬ್ಬಿನ ಟ್ರ್ಯಾಕ್ಟರು. ಕಂಡಕಂಡವರು "ಏನ್ ಸಾವ್ಕಾರ್ರ, ಗಾಡಿ ಕೆಟ್ಟೈತೇನ್ರಿ?" ಎಂದು ಕೇಳುತ್ತಿದ್ದರು. ನಾಲ್ಕನೆಯ ದಿನ ರಸ್ತೆ ಮಗ್ಗುಲಿನ ಜೋಳ ಕೊಯ್ದ ಹೊಲದಲ್ಲಿ ಕುರಿ ನಿಲ್ಲಿಸಿಕೊಂಡಿದ್ದ ಒಬ್ಬ ಮುದುಕ ನನ್ನನ್ನು ಹೋಗುವಾಗಲೂ ನೋಡಿದ, ಬರುವಾಗಲೂ ನೋಡಿದ. ಹೆಗಲ ಮೇಲೆ ಕಂಬಳಿ, ತಲೆಗೆ ಕೆಂಪು ರುಮಾಲು, ಕಾಲಿಗೆ ಟೈರಿನ ಚಪ್ಪಲಿ. 

"ಏನ್ ಕಳಕೊಂಡೀರ್ರಿ ಸಾವ್ಕಾರ್ರ? ದಿನಾ ಬಂದು ಹುಡುಕಾಕತ್ತೀರಿ," ಎಂದ.

ನನ್ನ ಪಿತ್ತ ನೆತ್ತಿಗೇರಿತು. "ಸಕ್ಕರಿ ಬ್ಯಾನಿ ಐತಿ. ಡಾಕ್ಟರ್ ನಡೀ ಅಂದಾರ. ನಿಂದೇನ್ ಗಂಟು ಹೋತು?" ಎಂದೆ.

ಅವನು ನಗಲಿಲ್ಲ. "ಇದು ನಡ್ಯೂ ಹಾದಿ ಅಲ್ರಿ. ಇಲ್ಲಿ ನಡದ್ರ ಬ್ಯಾನಿ ಹೆಚ್ಚಾಕ್ಕೈತಿ. ಒಂದಿನ ನನ್ನ ಸಂಗಾಟ ಬರ್ರಿ. ಈಗ ಬ್ಯಾಸಿಗಿ, ಹೊಳಿಗೆ ಹೋಗೂನು. ಮಳಿ ಬಂದ ಮ್ಯಾಲ ಗುಡ್ಡಕ್ಕ. ಒಂದೊಂದು ಕಾಲಕ್ಕ ಒಂದೊಂದು ಹಾದಿ ಇರ್ತೈತ್ರಿ," ಎಂದ. ಇವನೇ ಅಕ್ಕೋಳದ ಹಾಲಸಿದ್ದ.

ಯಾಕೆ ಹೂಂ ಅಂದೆನೋ ಗೊತ್ತಿಲ್ಲ. ರಸ್ತೆಯ ಮೇಲಿನ ಮಂದಿಯ ಕುಚೋದ್ಯ ಸಾಕಾಗಿತ್ತು, ಅದೊಂದು ಕಾರಣ ಇದ್ದೀತು.

ಚೈತ್ರದ ಕೊನೆಗೆ ಕಲ್ಲೋಳದ ತನಕ ಬಸ್ಸಿಗೆ ಹೋಗಿ, ಅಲ್ಲಿಂದ ಯಡೂರಿನ ಕಡೆ ಹೊಳೆಯೊಳಗೆ ಇಳಿದೆವು. ಬೆಳಕು ಆಗಷ್ಟೇ ಹರಿದಿತ್ತು. ಕೃಷ್ಣೆ ಒಂದು ಬದಿಗೆ ಸರಿದು ಹರಿಯುತ್ತಿದ್ದಳು, ಉಳಿದದ್ದೆಲ್ಲ ಮರಳು. ಮರಳಿನಲ್ಲಿ ಕುಳಿ ತೋಡಿ ಕಲ್ಲಂಗಡಿ, ಸೌತೆ ಹಚ್ಚಿದ್ದರು. ಹೆಂಗಸರು ಕೊಡದಿಂದ ಒಂದೊಂದು ಬಳ್ಳಿಗೂ ನೀರು ಹನಿಸುತ್ತಿದ್ದರು. ಅರವತ್ತು ವರ್ಷ ಈ ಹೊಳೆಯ ನೀರು ಕುಡಿದಿದ್ದೆ, ಅದರ ನಡುವೆ ಹೀಗೆ ನಡೆದಿರಲಿಲ್ಲ.

ಹಾಲಸಿದ್ದನಿಗೆ ಒಂದು ರೂಢಿ ಇತ್ತು. "ಅಲ್ಲಿ ನೋಡ್ರಿ, ಇಲ್ಲಿ ನೋಡ್ರಿ" ಎಂದು ಅವನು ಎಂದೂ ಹೇಳುತ್ತಿರಲಿಲ್ಲ. ನೋಡುವಂಥ ಜಾಗ ಬಂದರೆ ಚಪ್ಪಲಿಯ ಪಟ್ಟಿ ಸಡಿಲಾಯಿತೆಂದು ಬಗ್ಗಿ ಕೂರುತ್ತಿದ್ದ. ಅವನು ಪಟ್ಟಿ ಬಿಗಿಯುವ ತನಕ ನಾನು ಸುಮ್ಮನೆ ನಿಲ್ಲಬೇಕು. ಅವತ್ತು ಹಾಗೆ ನಿಂತಾಗ ಕಣ್ಣಿಗೆ ಬಿದ್ದವು: ಮರಳಿನ ಮೇಲೆ, ನನ್ನ ಕಾಲಿನ ಎರಡು ಗೇಣಿನಾಚೆ, ಟಿಟ್ಟಿಭ ಹಕ್ಕಿಯ ಮೂರು ತತ್ತಿ, ಮರಳಿನದೇ ಬಣ್ಣ. ಇನ್ನೊಂದು ಹೆಜ್ಜೆ ಹಾಕಿದ್ದರೆ ತುಳಿಯುತ್ತಿದ್ದೆ. ಸುತ್ತು ಹಾಕಿ ಮುಂದೆ ಹೋದೆ.

ಹತ್ತು ಗಂಟೆಗೆ ಮರಳು ಕಾದು ನಿಲ್ಲಲಿಕ್ಕಾಗದಂತಾಯಿತು. ದಂಡೆಯ ಹೊಂಗೆಯ ನೆರಳಲ್ಲಿ ಕಸ್ತೂರೆವ್ವ ಕಟ್ಟಿಕೊಟ್ಟ ರೊಟ್ಟಿ ಬುತ್ತಿ ಬಿಚ್ಚಿದೆವು. ದಂಡೆಯ ಹೊಲಗಳನ್ನು ಅವನು ಹೆಸರು ಹಿಡಿದು ಎಣಿಸಿದ. ಚಳಿಗಾಲದಲ್ಲಿ ಒಬ್ಬೊಬ್ಬರ ಹೊಲದಲ್ಲಿ ಮೂರು ಮೂರು ದಿನ ಅವನ ಕುರಿ ನಿಲ್ಲುತ್ತಿದ್ದವು. ಹೊಲಕ್ಕೆ ಗೊಬ್ಬರ, ಅವನಿಗೆ ಜೋಳ. ಅವನ ಅಪ್ಪನ ಕಾಲದಿಂದ ನಡೆದುಬಂದ ವ್ಯವಹಾರ ಅದು.

"ಬರೂ ವರ್ಷ ಬರ್ತೀನೋ ಇಲ್ಲೋ," ಎಂದ.

"ಯಾಕಲೇ? ಕಾಲ್ ಬ್ಯಾನಿಯೇನು?"

"ಹಾದಿ ಇಲ್ರಿ. ಮೊದ್ಲ ಗುಡ್ಡದಿಂದ ಇಲ್ಲಿತನಕ ಗಾಡಿ ಹಾದಿ ಇತ್ತು, ಹೊಲದ ನಡುವ. ಈಗ ನಡುವ ಒಂದು ಕಡೆ ಮುಚ್ಚೇತಿ. ಡಾಂಬರ ರಸ್ತಿ ಹಿಡದು ಸುತ್ತಿ ಬರಬೇಕು. ಕಬ್ಬಿನ ಹಂಗಾಮಿನ್ಯಾಗ ಆ ರಸ್ತಿ ಅಂದ್ರ ನಿಮಗ ಗೊತ್ತೈತೆಲ್ರಿ." ಇಷ್ಟು ಹೇಳಿ ಅವನು ರೊಟ್ಟಿ ಮುರಿದ.

ಶ್ರಾವಣದಲ್ಲಿ ಗುಡ್ಡಕ್ಕೆ ಹೋದೆ. ನಿಪ್ಪಾಣಿಯಿಂದ ಘಾಟಿನ ಅರ್ಧದ ತನಕ ಬಸ್ಸು, ಆಮೇಲೆ ಕಾಲು. ಸಣ್ಣಗೆ ಜಿಟಿಜಿಟಿ ಮಳೆ, ಮಂಜು. ಕೆಳಗೆ ಘಾಟಿನಲ್ಲಿ ಲಾರಿಗಳು ಏರುವ ಸಪ್ಪಳ ಕೇಳುತ್ತಿತ್ತು, ಲಾರಿ ಕಾಣುತ್ತಿರಲಿಲ್ಲ. ನನಗೆ ಏದುಸಿರು. "ಸಾಯಾಕ ಕರಕೊಂಡ ಬಂದೀಯೇನಲೇ?" ಎಂದು ಮೂರು ಸಲ ಬೈದೆ. ಅವನು ಮೂರು ಸಲವೂ ಚಪ್ಪಲಿ ಸರಿಮಾಡಿಕೊಂಡ. ನನಗೆ ದಣಿವಾರಲಿ ಎಂದು ಕೂತದ್ದು ಎಂದು ನನಗೇನು ತಿಳಿಯಲಿಲ್ಲವೇ? ತಿಳಿಯಿತು.

ಮೇಲೆ ಕಂಬಳಿಯ ಗುಡಾರದಲ್ಲಿ ಅವನ ಹೆಂಡತಿ ಕೆಂಪವ್ವ ಇದ್ದಳು. ಆಡಿನ ಹಾಲಿನ ಚಹಾ ಕೊಟ್ಟಳು. ಗಾಳಿ ಬೀಸಿ ಮಂಜು ಒಮ್ಮೆಲೇ ಹರಿಯಿತು. ಅಬ್ಬಾ! ನಿಪ್ಪಾಣಿ, ಅದರ ಸುತ್ತ ಹೊಸದಾಗಿ ಹಚ್ಚಿದ ತಂಬಾಕಿನ ಮಡಿಗಳು, ಕೆಂಪು ನೀರು ತುಂಬಿಕೊಂಡ ವೇದಗಂಗೆ, ಎಲ್ಲ ಒಂದೇ ಸಲ ಕಂಡವು. ಹಾಲಸಿದ್ದ ಕೋಲು ಚಾಚಿ ಒಂದು ಸಾಲು ಜಾಲಿಗಿಡಗಳನ್ನು ತೋರಿಸಿದ. ಅದೇ ಅವನ ಹಾದಿ. ಗುಡ್ಡದ ಬುಡದಿಂದ ಹೊರಟು, ಅಕ್ಕೋಳ ದಾಟಿ, ಹೊಳೆಯಾಚೆ ಮಳೆಯಲ್ಲಿ ಕರಗಿ ಹೋಗಿತ್ತು.

"ಮಾರಿಬಿಡು ಅಂತ ಬಡಕೊಂತೀನ್ರಿ, ಕೇಳವಲ್ಲ," ಎಂದಳು ಕೆಂಪವ್ವ. "ಮಿರಜಿ ವ್ಯಾಪಾರಿ ಬಂದು ಕೇಳಿ ಹೋಗ್ಯಾನ. ಛಟ್ಟಿ ಅಮಾಸಿಗಿ ಮತ್ತ ಬರ್ತಾನ. ಹ್ವಾದ ವರ್ಷ ಆ ಡಾಂಬರ ರಸ್ತಿ ಮ್ಯಾಲ ಕಬ್ಬಿನ ಟ್ರ್ಯಾಕ್ಟರ್ ಕುರಿಮಂದಿ ಮ್ಯಾಲ ಹೋತು. ಹನ್ನೊಂದು ಕುರಿ! ನನ್ನ ಕಣ್ಣ ಮುಂದ. ಯಾವನೋ ಪುಣ್ಯಾತ್ಮ ಹಾದಿ ನುಂಗಿ ಕುಂತಾನ, ಅವಂಗ ನಿದ್ದಿ ಹತ್ತಿದ್ರ ಕೇಳ್ರಿ."

ನಾನು ಚಹಾದ ಬಟ್ಟಲು ನೆಲಕ್ಕೆ ಕುಕ್ಕಿದೆ. "ಯಾವನವ? ಹೆಸರ ಹೇಳು ಹಾಲಸಿದ್ದಾ. ಅವನ ಮನಿ ಮುಂದ ನಿಂತು ಮಾನ ಕಳೀತೀನಿ," ಎಂದೆ.

ಹಾಲಸಿದ್ದ ಬಗ್ಗಿ ಚಪ್ಪಲಿಯ ಪಟ್ಟಿ ಹಿಡಿದ. "ಇರ್ಲಿ ಬಿಡ್ರಿ, ಮಳಿ ಜೋರಾಗೂದ್ರಾಗ ಇಳಿಯೂನು," ಎಂದ.

ಮೂರನೆಯ ನಡಿಗೆ ಸೀಗಿ ಹುಣ್ಣಿವೆಯ ದಿನ, ಅಕ್ಕೋಳದಿಂದ ವೇದಗಂಗೆಯ ದಂಡೆಗುಂಟ. ಅವತ್ತು ಹೊಲಹೊಲಕ್ಕೂ ಜನ. ಭೂಮಿತಾಯಿಗೆ ಉಡಿ ತುಂಬಿ, ಎಡೆಯ ಅನ್ನವನ್ನು ಹೊಲದ ತುಂಬ ಚರಗವೆಂದು ಚೆಲ್ಲಿ, ಹೊಲದಲ್ಲೇ ಉಣ್ಣುವ ಹಬ್ಬ. ಹಾದಿಯಲ್ಲಿ ಹೋಗುವವರನ್ನು ಕರೆದು ಉಣಿಸದೆ ಕಳಿಸುವುದಿಲ್ಲ. ಹಾಲಸಿದ್ದ ನನ್ನನ್ನು ಬೇಕೆಂದೇ ಅವತ್ತು ಕರೆಸಿದ್ದ. ಜೋಳ ಎದೆಮಟ್ಟ ಬೆಳೆದಿತ್ತು, ನೀರು ತಿಳಿಯಾಗಿತ್ತು. ಒಂದು ಹೊಲದಲ್ಲಿ ಕಡಬು, ಇನ್ನೊಂದರಲ್ಲಿ ಸಜ್ಜಿ ರೊಟ್ಟಿ, ಪುಂಡಿಪಲ್ಯ, ಮತ್ತೊಂದರಲ್ಲಿ ಶೇಂಗಾ ಹೋಳಿಗೆ. ಡಾಕ್ಟರು ಕಂಡಿದ್ದರೆ ಅಲ್ಲೇ ಎದೆ ಒಡೆದುಕೊಳ್ಳುತ್ತಿದ್ದರು. ಆರು ಹೊಲ ದಾಟುವುದರಲ್ಲಿ ನನ್ನ ಕಚ್ಚೆ ಎರಡು ಸಲ ಸಡಿಲು ಮಾಡಿಕೊಂಡೆ.

ಎಲ್ಲ ಕಡೆಯೂ ಹಾಲಸಿದ್ದನಿಗೆ ಮೊದಲ ಎಡೆ. ನಾನು ಹದಿನೆಂಟು ಎಕರೆಯ ಸಾವುಕಾರ, ನನಗೆ ಎರಡನೆಯದು. ಒಳಗೊಳಗೇ ಸ್ವಲ್ಪ ಚುಚ್ಚಿತು, ಸುಳ್ಳೇಕೆ ಹೇಳಲಿ. ದುಂಡವ್ವ ಎಂಬ ಮುದುಕಿ ಅವನ ಕೈಗೆ ಹೋಳಿಗೆ ಇಡುತ್ತಾ, "ಈ ವರ್ಷ ಕುರಿ ಇಳಸ್ತಿಯಿಲ್ಲೊ ತಮ್ಮಾ? ನೀ ನಿಲ್ಲಿಸಿದ ವರ್ಷ ಜ್ವಾಳ ಬ್ಯಾರೇನ ಬರ್ತೈತಿ," ಎಂದಳು. ಅವನು ಹೋಳಿಗೆ ಹಿಡಿದುಕೊಂಡೇ ಕೂತ. "ನೋಡೂನವ್ವಾ," ಎಂದ. ಅವನ ಕಣ್ಣು ತುಂಬಿದ್ದನ್ನು ನಾನು ನೋಡಿದೆ, ಮುಖ ಬೇರೆ ಕಡೆ ತಿರುಗಿಸಿದೆ.

ಮನೆಗೆ ಬಂದ ಮೇಲೂ ಅದು ತಲೆಯಿಂದ ಹೋಗಲಿಲ್ಲ. ಇಂಥವನ ಹಾದಿ ಮುಚ್ಚಿದವನು ಯಾವನು? ಕಸ್ತೂರೆವ್ವನ ಮುಂದೆ ಕೂಗಾಡಿದೆ. "ಹೋಗಿ ನೋಡ್ರಿ ಮತ್ತ. ಇಲ್ಲಿ ಒದರಿದ್ರ ಅಲ್ಲಿ ಹಾದಿ ತೆರೀತೈತೇನು?" ಎಂದಳು. ಅದು ಖರೆ ಅನ್ನಿಸಿತು.

ಕಾರ್ತಿಕದ ಕೊನೆಗೆ, ಛಟ್ಟಿ ಅಮಾವಾಸ್ಯೆಗೆ ಇನ್ನೂ ಹತ್ತು ದಿನ ಇರುವಾಗ, ಅಕ್ಕೋಳಕ್ಕೆ ಹೋಗಿ ಅವನ ಮುಂದೆ ನಿಂತೆ. "ಚಳಿಗಾಲದ ಹಾದಿ ತೋರಿಸು. ಗುಡ್ಡದಿಂದ ಹೊಳಿಗೆ ಹೋಗೂ ಹಾದಿ," ಎಂದೆ.

"ಅದು ಬ್ಯಾಡ್ರಿ."

"ಯಾಕ ಬ್ಯಾಡ? ನಾಕು ಕಾಲಕ್ಕ ನಾಕು ಹಾದಿ ಅಂದಾವ ನೀನ."

"ಬ್ಯಾರೆ ಹಾದಿ ಐತ್ರಿ, ರಾಯಬಾಗ ಕಡೆ. ಭಾಳ ಚಲೋ ಐತಿ."

"ರಾಯಬಾಗ ಬಂದು ನಿನ್ನ ಕುರಿ ಕಾಯತೈತೇನು? ಏಳು, ನಡಿ," ಎಂದು ನಾನೇ ಮುಂದೆ ಹೊರಟೆ. ಅವನು ಕೋಲು ತೆಗೆದುಕೊಂಡು ಹಿಂದೆ ಬಂದ.

ಇಂಥ ನಡಿಗೆಯನ್ನು ನಾನು ಕಂಡಿರಲಿಲ್ಲ. ಜೋಳದ ತೆನೆ ಹಾಲುಗಾಳು ಕಟ್ಟಿತ್ತು. ಎಲೆಯ ಮೇಲಿನ ಮಂಜಿಗೆ ನನ್ನ ಧೋತರ ಮೊಳಕಾಲಿನ ತನಕ ತೊಯ್ದುಹೋಯಿತು. ಒಂದು ಕಡೆ ಎಳೆ ತೆನೆ ಸುಟ್ಟು ಸೀತನಿ ಮಾಡುತ್ತಿದ್ದರು, ಬಿಸಿ ಕಾಳು ಅಂಗೈಗೆ ಉದುರಿಸಿದರು. ಜಾಲಿಗಿಡದ ಸಾಲಿನ ಬುಡಕ್ಕೆ ಹಾದಿ ತಂಪಾಗಿ ಹೋಗುತ್ತಿತ್ತು. ಅಲ್ಲಲ್ಲಿ ಕಿರಿದಾಗಿತ್ತು. ಒಬ್ಬ ಒಂದು ಸಾಲು ಒಳಗೆ ಹೂಡಿದ್ದ, ಇನ್ನೊಬ್ಬ ಮುಳ್ಳುಬೇಲಿಯನ್ನು ಒಂದು ಮೊಳ ಸರಿಸಿದ್ದ. ನಮ್ಮ ಕಡೆ ಇದು ಎಲ್ಲರ ಚಾಳಿ. ವರ್ಷಾ ನೇಗಿಲು ಹೂಡುವಾಗ ಹಾದಿಯನ್ನು ಒಂದು ಗೇಣು ಕೆರೆದುಕೊಳ್ಳುವುದು, ಅದನ್ನು ಯಾರೂ ಕಳವು ಎನ್ನುವುದಿಲ್ಲ. ನಾನು ಒಬ್ಬೊಬ್ಬನ ಹೊಲದಲ್ಲೂ ನಿಂತು ಬಾಯಿಗೆ ಬಂದದ್ದು ಬೈದೆ.

"ಅಷ್ಟ ಬೈಬ್ಯಾಡ್ರಿ. ಎರಡು ಕುರಿ ಜೋಡಿ ಹೋಗೂ ಕಡೆ ಒಂದೊಂದ ಹೋಗ್ತಾವ, ಅಷ್ಟ. ಇವ್ರು ಯಾರೂ ಪೂರಾ ಮುಚ್ಚಿಲ್ರಿ," ಎಂದ ಹಾಲಸಿದ್ದ.

ಮಧ್ಯಾಹ್ನದ ಹೊತ್ತಿಗೆ ಹಾದಿ ನಿಂತುಹೋಯಿತು. ಎದುರಿಗೆ ಕಬ್ಬು. ಎರಡಾಳು ಎತ್ತರ, ಬೆರಳು ತೂರದಷ್ಟು ದಟ್ಟ. ಜಾಲಿಗಿಡಗಳನ್ನು ಕಡಿದ ಬೊಡ್ಡೆಗಳು ಕಬ್ಬಿನ ಸಾಲಿನೊಳಗೇ ಹೋಗಿದ್ದವು. ಆರು ಸಾಲು, ಹಾದಿಯ ಅಗಲಕ್ಕೆ ಸರಿಯಾಗಿ ಆರು ಸಾಲು.

ನನ್ನ ಮೈಯಲ್ಲಿ ಬೆಂಕಿ ಬಿತ್ತು. ಒಡ್ಡಿನ ಮೇಲೆ ಹತ್ತಿ ನಿಂತು ಒದರಿದೆ. "ಯಾವನಲೇ ಇವ? ಎಷ್ಟು ತಿಂದ್ರ ಹೊಟ್ಟಿ ತುಂಬತೈತಿ ನಿಂದು? ಮುಕಳಿ ಊರಿ ಕುಂತು ಹಾದಿ ನುಂಗೀಯಲ್ಲೋ, ನಾಚಿಕಿಗೇಡಿ! ಹೊರಗ ಬಾ, ನಿನ್ನ ಮೀಸಿ ಹಿಡದು ಈ ಹಾದಿಗುಂಟ ಎಳಕೊಂಡ ಹೋಗ್ತೀನಿ!"

ಕಬ್ಬಿನಲ್ಲಿ ಗಾಳಿ ಸರಸರ ಎಂದಿತು. ಹಾಲಸಿದ್ದ ಕೆಳಗೆ ಕೂತಿದ್ದ, ಚಪ್ಪಲಿಯನ್ನು ಮುಟ್ಟಿರಲಿಲ್ಲ. ನನ್ನನ್ನೇ ನೋಡುತ್ತಿದ್ದ. ಇನ್ನಷ್ಟು ಬೈಯಲು ಉಸಿರೆಳೆದುಕೊಂಡೆ. ಆಗ ಕಬ್ಬಿನ ಗರಿಗಳ ಮೇಲೆ, ದೂರದಲ್ಲಿ, ನೀಲಿ ಬಣ್ಣದ ನೀರಿನ ಟಾಕಿ ಕಂಡಿತು. ಪಂಪಿನ ಮನೆಯ ಮೇಲಿನ ಟಾಕಿ. ಅದಕ್ಕೆ ಆ ಬಣ್ಣ ಬಳಿಸಿದವನು ನಾನು.

ಒಡ್ಡಿನ ಮೇಲಿಂದ ಹೇಗೆ ಇಳಿದೆನೋ ನೆನಪಿಲ್ಲ. ನೆನಪಿಗೆ ಬಂದದ್ದು ಬೇರೆ. 1980ರಲ್ಲಿ ಹೊಳೆಯಿಂದ ಪೈಪು ಎಳೆಸಿದ ವರ್ಷ. ನೇಗಿಲು ಹೂಡುವವನು ಪಂಪಿನ ಮನೆಯ ತನಕ ಓಡಿಬಂದು, "ಸಾವ್ಕಾರ್ರ, ಹಿಂದ ಗಾಡಿ ಹಾದಿ ಐತಿ, ಬಿಡೂದೇನ್ರಿ?" ಎಂದು ಕೇಳಿದ್ದ. ನಾನು ಬುಲೆಟ್ಟಿನ ಮೇಲೆ ಕೂತೇ, "ಈಗ ಯಾವ ಗಾಡಿ ಬರ್ತಾವೋ ಅಲ್ಲಿ? ಹೂಡು," ಎಂದಿದ್ದೆ. ಗಾಡಿ ಬರುತ್ತಿರಲಿಲ್ಲ ಎಂಬುದು ಸರಿಯೇ. ಕುರಿ ಬರುತ್ತಿದ್ದವೋ ಇಲ್ಲವೋ ಎಂದು ಕೇಳುವಷ್ಟು ಪುರುಸೊತ್ತು ನನಗಿರಲಿಲ್ಲ.

"ನಿನಗ ಗೊತ್ತಿತ್ತೇನೋ?" ಎಂದೆ.

"ಗೊತ್ತಿತ್ರಿ."

"ಮೊದಲನೇ ದಿನದಿಂದ?"

"ಅದಕ್ಕೂ ಮೊದ್ಲ. ಮುಚ್ಚಿದ ವರ್ಷ ನಿಮ್ಮನಿಗೆ ಬಂದಿದ್ದೆ. ನೀವು ಊಟಕ್ಕ ಕುಂತಿದ್ರಿ. ನಾಳಿ ಬಾ ಅಂದ್ರಂತ, ಆಳು ಹೇಳಿದ. ಮರುದಿನಾ ಬಂದೆ. ನೀವು ಅಥಣಿಗೆ ಹೋಗಿದ್ರಿ."

"ಮತ್ತ ಇಷ್ಟು ದಿನಾ ನನ್ನ ಸಂಗಾಟ ತಿರಗಾಡಿದಿ. ಒಂದು ಮಾತು ಹೇಳಬಾರದೇನೋ?"

ಅವನು ಪಕ್ಕದ ಜಾಲಿ ಬೊಡ್ಡೆಯ ಮೇಲೆ ಕೈಯಿಟ್ಟ. "ಹೇಳೂನಂತನ ಕರದಿದ್ನಿರಿ ಮೊದಲ ದಿನ. ಆಮ್ಯಾಲ ನೀವು ಆ ತತ್ತಿ ತುಳೀದಂಗ ಸುತ್ತು ಹಾಕಿ ಹ್ವಾದ್ರಿ. ಇವ್ರು ಕಂಡ್ರ ತುಳಿಯೂ ಮನಿಷ್ಯಾ ಅಲ್ಲ ಅನ್ನಿಸ್ತು. ಕಾಣೂತನಕ ತಡಿಯೂನಂತ ಸುಮ್ನಾದೆ."

ನನಗೆ ಅಳು ಬಂತು. ಮುಚ್ಚಿಕೊಳ್ಳುವುದೇನಿದೆ, ಅರವತ್ತು ವರ್ಷದ ಗಂಡಸು ಹೊಲದ ಬದುವಿನಲ್ಲಿ ಕೂತು ಅತ್ತೆ. ಅವನು ಸಮಾಧಾನ ಮಾಡಲಿಲ್ಲ. ಎದ್ದು ಅಕ್ಕೋಳದ ಕಡೆ ಹೊರಟುಹೋದ.

ಕಸ್ತೂರೆವ್ವನಿಗೆ ಹೇಳಿದೆ. ಅವತ್ತು ಅವಳು ನಗಲಿಲ್ಲ. ಒಲೆಯ ಮುಂದಿನಿಂದ ಎದ್ದು ಹೋಗಿ ಕುಡುಗೋಲು ತಂದು ನನ್ನ ಮುಂದೆ ಇಟ್ಟಳು. ಕಬ್ಬು ಕಡಿದು ಕಳಿಸಲು ಕಾರ್ಖಾನೆಯ ಪಾಳಿ ಬರಲು ಇನ್ನೂ ಎರಡು ತಿಂಗಳಿತ್ತು. ಆ ಆರು ಸಾಲಿನ ಹಸಿ ಕಬ್ಬನ್ನೇ ಕಡಿಸಿದೆ, ಊರ ದನಗಳಿಗೆ ಹಂಚಿದೆ. ಕೂಳೆಯನ್ನು ಬೇರುಸಹಿತ ಕೀಳಿಸಿದೆ. ಮುರಗೆಪ್ಪನ ಸಕ್ಕರೆ ತಲೆಗೇರಿದೆ ಎಂದು ಊರಲ್ಲಿ ಆಡಿಕೊಂಡರು. ಆಡಿಕೊಳ್ಳಲಿ. ಎಂಟು ದಿನ ಹಿಡಿಯಿತು.

ಒಂಬತ್ತನೆಯ ದಿನ ಬೆಳಗ್ಗೆ ಅದೇ ಹಾದಿ ಹಿಡಿದು ಒಬ್ಬನೇ ಅಕ್ಕೋಳಕ್ಕೆ ನಡೆದೆ. ಹಾಲಸಿದ್ದನ ಮನೆಯ ಮುಂದೆ ಹೊರಸಿನ ಮೇಲೆ ಮಿರಜಿನ ವ್ಯಾಪಾರಿ ಆಗಲೇ ಕೂತಿದ್ದ, ಒಂದು ದಿನ ಮೊದಲೇ ಬಂದಿದ್ದ. ಕುರಿಗಳನ್ನು ದಡ್ಡಿಯಲ್ಲಿ ಕೂಡಿದ್ದರು. ಕೆಂಪವ್ವ ಅವನಿಗೆ ಚಹಾ ಸೋಸುತ್ತಿದ್ದಳು. 

"ಮಾರಬ್ಯಾಡ್ರಿ. ಹಾದಿ ತಗದೀನಿ," ಎಂದೆ.

ಕೆಂಪವ್ವನ ಕೈ ನಿಂತಿತು. "ಯಾರ್ದಿತ್ರಿ ಹೊಲ?"

ಹಾಲಸಿದ್ದ ಹೇಳಿರಲಿಲ್ಲ. ಹೆಂಡತಿಗೂ ಹೇಳಿರಲಿಲ್ಲ. ನಾನು ಹೊರಡುವಾಗಿನಿಂದ ಹಾದಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ಹಾರಿಹೋಯಿತು. "ನಂದ, ಕೆಂಪವ್ವಾ," ಎಂದೆ.

ಅವಳು ಬೈದಳು. ನನ್ನ ಜನ್ಮದಲ್ಲಿ ನಾನ್ಯಾರಿಗೂ ಅಷ್ಟು ಬೈದಿಲ್ಲ. ನನ್ನ ಕೈಗೆ ಕೊಟ್ಟ ಆಡಿನ ಹಾಲಿನ ಚಹಾದಿಂದ ಹಿಡಿದು ಸತ್ತ ಒಂದೊಂದು ಕುರಿಯ ಬಣ್ಣ, ಕೊಂಬು, ಅದು ಈದ ಮರಿ, ಎಲ್ಲ ಹೇಳಿ ಬೈದಳು. ಓಣಿ ಎಲ್ಲ ಕೂಡಿತು. ವ್ಯಾಪಾರಿ ಹೊರಸಿನ ಮೇಲಿಂದ ಎದ್ದು ನಿಂತ. ನಾನು ರುಮಾಲು ತೆಗೆದು ಕೈಯಲ್ಲಿ ಹಿಡಿದು ಕೇಳಿದೆ. ಬೈದು ಬೈದು ಅವಳ ದನಿ ಬಿದ್ದುಹೋಯಿತು. ಆಮೇಲೆ ಗಂಡನ ಕಡೆ ತಿರುಗಿ, "ಹೋಗ್ತಾವೇನ್ ನೋಡು ಮೊದ್ಲ. ಹ್ವಾದ್ರ ಮಾರೂದು ಬ್ಯಾಡ," ಎಂದಳು.

ಮರುದಿನ ಕುರಿ ಹೊರಟವು. ನನ್ನ ಹೊಲದ ಬಾಯಿಯ ತನಕ ಬಂದು ನಿಂತುಬಿಟ್ಟವು. ಎರಡೂ ಕಡೆ ಗೋಡೆಯಂಥ ಕಬ್ಬು, ನಡುವೆ ಹೊಸದಾಗಿ ಕಿತ್ತ ಮಣ್ಣು. ಹಾಲಸಿದ್ದ ಕರೆದ, ಶಿಳ್ಳೆ ಹಾಕಿದ, ಕೋಲು ಬೀಸಿದ. ಒಂದೂ ಒಳಗೆ ಕಾಲಿಡಲಿಲ್ಲ. ಎಲ್ಲ ಸೇರಿ ಎಡಕ್ಕೆ ಹೊರಳಿದವು, ಡಾಂಬರು ರಸ್ತೆಯ ಕಡೆ.

"ಇವಕ್ಕ ಈ ಹಾದಿ ಗೊತ್ತಿಲ್ರಿ," ಎಂದ ಹಾಲಸಿದ್ದ. "ಏಳು ವರ್ಷಾತು. ಗೊತ್ತಿದ್ದ ಕುರಿ ಒಂದೂ ಉಳದಿಲ್ಲ. ಇವೆಲ್ಲಾ ಆಮ್ಯಾಲ ಹುಟ್ಟಿದ್ವು."

ಕೆಂಪವ್ವ ರಸ್ತೆಯ ಕಡೆ ಓಡಿ ಅಡ್ಡ ನಿಂತಳು. ಹಾಲಸಿದ್ದ ಮಂದೆಯೊಳಗೆ ನುಗ್ಗಿ ಎಂಟು ದಿನದ ಒಂದು ಮರಿಯನ್ನು ಎತ್ತಿ ತಂದು ನನ್ನ ತೋಳಿಗೆ ಹಾಕಿದ. "ಇದರವ್ವ ಇದರ ಹಿಂದ ಬರ್ತೈತಿ. ಅದರ ಹಿಂದ ಉಳದಾವು ಬರ್ತಾವ. ನಾನು ಹಿಂದಿಂದ ತಡೀಬೇಕು. ನೀವು ಮುಂದ ನಡೀರಿ. ತಿರಗಿ ನೋಡಬ್ಯಾಡ್ರಿ," ಎಂದ.

ನಡೆದೆ. ಮರಿ ಒದರಿತು, ಅದರ ಎದೆ ನನ್ನ ಅಂಗೈಯಲ್ಲಿ ಡವಡವ ಎನ್ನುತ್ತಿತ್ತು. ಹಿಂದೆ ಅದರ ತಾಯಿ ಒದರಿತು. ಹತ್ತು ಹೆಜ್ಜೆ, ಇಪ್ಪತ್ತು ಹೆಜ್ಜೆ. ಹಿಂದೆ ಒಂದೇ ಕುರಿಯ ಕಾಲಿನ ಸಪ್ಪಳ. ಸಿದ್ದಪ್ಪನ ಹೆಸರು, ಮಾಯಕ್ಕನ ಹೆಸರು, ಬಾಯಿಗೆ ಬಂದ ದೇವರ ಹೆಸರೆಲ್ಲ ಹೇಳಿದೆ. ಹೊಲದ ನಡುವಿಗೆ ಬಂದಾಗ ಆ ಸಪ್ಪಳ ಒಮ್ಮೆಲೇ ಹೆಚ್ಚಾಯಿತು. ಬಹಳ ಕಾಲು, ಮೆತ್ತನೆಯ ಮಣ್ಣಿನಲ್ಲಿ ಒಂದರ ಹಿಂದೆ ಒಂದು. ಆದರೂ ನಾನು ತಿರುಗಿ ನೋಡಲಿಲ್ಲ.

ಅವತ್ತು ಮನೆಗೆ ಹೋಗಲಿಲ್ಲ. ಮರಿಯನ್ನು ತಾಯಿಗೆ ಬಿಟ್ಟು ಮಂದೆಯ ಜೊತೆಗೇ ನಡೆದೆ, ಮೂರನೆಯ ದಿನ ಬೆಳಗ್ಗೆ ಯಡೂರಿನ ಹತ್ತಿರ ಕೃಷ್ಣೆ ಕಂಡಳು. ನೀರಿನ ಮೇಲೆ ಹೊಗೆಯಂತೆ ಮಂಜು ಏಳುತ್ತಿತ್ತು. ಕುರಿಗಳು ಸಾಲಾಗಿ ನಿಂತು ಕುಡಿದವು. ದಂಡೆಯ ಹೊಲದವನೊಬ್ಬ ಹಾಲಸಿದ್ದನ ಹೆಸರು ಹಿಡಿದು ಕೂಗುತ್ತಾ ಓಡಿಬಂದ. ಕೆಂಪವ್ವ ಚಹಾದ ಬಟ್ಟಲನ್ನು ನನ್ನ ಮುಂದೆ ನೆಲಕ್ಕಿಟ್ಟು ಕುರಿಗಳ ಕಡೆ ಹೋದಳು.

"ಮಾರೂದಿಲ್ರಿ," ಎಂದ ಹಾಲಸಿದ್ದ. "ಖರೆ ನೀವು ವರ್ಷಾ ಬರಬೇಕು, ಈ ಹಾದಿಗೆ."

"ಬರ್ತೀನೋ, ಬರ್ದ ಏನು. ಡಾಕ್ಟರೂ ಅದನ್ನ ಹೇಳ್ಯಾರ," ಎಂದೆ.

"ಡಾಕ್ಟರ್ ಹೇಳ್ಯಾರಂತ ಬರಬ್ಯಾಡ್ರಿ. ಕಾವಲಕ್ಕ ಬರ್ರಿ."

"ಕಾವಲಾ? ಯಾರನ್ನ ಕಾಯಬೇಕೋ ನಾನು? ಕುರಿ ಕಾಯಾಕ ನೀ ಅದಿ."

ಅವನು ನನ್ನ ಮುಖವನ್ನು ನೇರವಾಗಿ ನೋಡಿದ. "ನಿಮ್ಮನ್ರಿ," ಎಂದ.

ರುಮ್ಮನೆ ಸಿಟ್ಟು ಬಂತು. ಬಾಯಿ ತೆರೆದೆ. ಏಳು ವರ್ಷದ ಹಿಂದೆ "ಹೂಡು" ಎಂದದ್ದೂ ಇದೇ ಬಾಯಿ. ತೆರೆದ ಬಾಯಿ ಮುಚ್ಚಿಕೊಂಡು, ಆರಿದ ಚಹಾ ಕುಡಿದೆ.